ಇಚ್ಛಿಸುವುದಿಲ್ಲ

ಮಂಡ್ಯದ ನೂರಡಿ ರಸ್ತೆ, ಔಷಧಿ ಅಂಗಡಿಯ ಮೇಲೆ,
ಮೆಟ್ಟಿಲು ಹದಿನೇಳು. ಹತ್ತಿ ಬಂದವರು ಏದುಸಿರಲ್ಲಿ
ಮೊದಲು ನನ್ನ ಮೇಜಿಗೇ ಬರಬೇಕು.
ಒಂಬತ್ತು ವರ್ಷದಿಂದ ಎಫ್ ಫಾರಂ ತುಂಬುತ್ತಿದ್ದೇನೆ:
ಹೆಸರು, ವಯಸ್ಸು, ಗಂಡನ ಹೆಸರು,
ಇರುವ ಮಕ್ಕಳು, ಗಂಡೆಷ್ಟು, ಹೆಣ್ಣೆಷ್ಟು.
ಈ ಕಾಲಂ ಬಂದಾಗ ಕೆಲವರ ದನಿ ತಗ್ಗುತ್ತದೆ.
ಕೊನೆಗೊಂದು ಸಾಲು, ಅದರಡಿ ರುಜು, ಇಲ್ಲಾ ಹೆಬ್ಬೆಟ್ಟು:
'ಗರ್ಭದಲ್ಲಿರುವ ಮಗುವಿನ ಲಿಂಗ ತಿಳಿಯಲು
ನಾನು ಇಚ್ಛಿಸುವುದಿಲ್ಲ.'

ಓದಿ ಹೇಳುತ್ತೇನೆ. ಹೂಂ ಅನ್ನುತ್ತಾರೆ.
ಹೂಂ ಅಂದವರೇ ಒಳಗೆ ಹೋಗಿ
ಡಾಕ್ಟರಮ್ಮನ ಹುಬ್ಬು ಓದುತ್ತಾರೆ.
ಆಕೆ ಕೆಮ್ಮಿದರೆ ಹೆಣ್ಣು, ಕನ್ನಡಕ ಒರೆಸಿದರೆ ಗಂಡು.
ಒಬ್ಬಾಕೆ, ಯಾರದೋ ಅತ್ತೆ,
ರಿಜಿಸ್ಟರಿನಡಿ ಐನೂರರ ನೋಟು ತಳ್ಳಿ
'ಬಾಯ್ಬುಟ್ಟು ಹೇಳ್ಬ್ಯಾಡ ಕಣವ್ವ, ತಲೆ ಆಡ್ಸು ಸಾಕು' ಅಂದಳು.
ನೋಟು ವಾಪಸು ಕೊಟ್ಟೆ. ಆದರೂ ಆವತ್ತಿಡೀ
ಕತ್ತು ನೆಟ್ಟಗಿಟ್ಟುಕೊಂಡು ಕೂತಿದ್ದೆ,
ಮೂಗಿನ ಮೇಲೆ ನೊಣ ಕೂತರೂ ಅಲ್ಲಾಡದೆ.

ಈಗ ನನಗೇ ಐದನೇ ತಿಂಗಳು.

ಅತ್ತೆ ಕೆಂಪಾಜಮ್ಮನಿಗೆ ಫಾರಮ್ಮೂ ಬೇಡ, ಮಿಷನ್ನೂ ಬೇಡ.
'ಎದ್ದೇಳ್ವಾಗ ಬಲಗೈ ಊರ್ತಾಳೆ, ಗಂಡೇ ಬುಡು.'
ಮಾರನೇ ದಿನ ಒಬ್ಬಟ್ಟಿಗೆ ಆಸೆಪಟ್ಟೆನೆಂದು
'ಸೀ ಕೇಳ್ತಾವ್ಳೆ, ಹೆಣ್ಣು.'
ವಾರದೊಳಗೆ ಅದು ಗಂಡಾಗಿ ಹೆಣ್ಣಾಗಿ ಮತ್ತೆ ಗಂಡಾಗುತ್ತದೆ.
ಒಳಗಿರುವುದು ಇದೊಂದನ್ನೂ ಲೆಕ್ಕಕ್ಕಿಡದೆ
ಮಗ್ಗುಲಾಗುತ್ತದೆ.

ಬೋರಲಿಂಗ ನೀರುಗಂಟಿ. ತೂಬಿನ ಕೀಲಿ ಅವನ ಸೊಂಟದಲ್ಲಿ.
ಯಾರ ಗದ್ದೆಗೆ ಯಾವ ಜಾವ, ಅಷ್ಟೇ ಅವನ ಲೆಕ್ಕ.
'ನೀನು ಪರದೆ ನೋಡಿದ್ರೆ ಗೊತ್ತಾಗ್ಬುಡ್ತದಲ್ವಾ' ಅಂದ ನಿನ್ನೆ.
ಕೇಳಿದ್ದೋ ಹೆದರಿದ್ದೋ, ಕರೆಂಟು ಹೋಗಿತ್ತು, ಮುಖ ಕಾಣಲಿಲ್ಲ.

ನಿಜ. ಡಾಕ್ಟರಮ್ಮನ ಪಕ್ಕ ನಿಂತು ನಿಂತು
ಆ ಬೂದಿಬಣ್ಣದ ಮೋಡದಲ್ಲಿ
ಬೆನ್ನುಹುರಿ ಯಾವುದು, ತೊಡೆ ಎಲ್ಲಿ ಕವಲೊಡೆಯುತ್ತದೆ
ನನಗೂ ಗೊತ್ತು. ಒಂದು ಕ್ಷಣ ಸಾಕು.

ಮಣಿಯಕ್ಕನಿಗೂ ಒಂದು ಕ್ಷಣವೇ ಸಾಕಾಗಿತ್ತು.
ಎರಡು ಹೆಣ್ಣಾದ ಮೇಲೆ, ರಾತ್ರಿ ಹನ್ನೊಂದಕ್ಕೆ, ವ್ಯಾನಿನಲ್ಲಿ.
ಗಂಡ, ಮೈದುನ, ಗುರುತಿಲ್ಲದ ಒಬ್ಬ ನರ್ಸು.
ಕಬ್ಬಿನ ನಡುವೆ ಆಲೆಮನೆ. ಗಾಣ ನಿಂತಿತ್ತು,
ಕೊಪ್ಪರಿಗೆ ಇನ್ನೂ ಬಿಸಿ.
ಅಚ್ಚಿನ ಹಲಗೆ ಸರಿಸಿ ಮಲಗಿಸಿದರು.
ಟ್ರಂಕಿನಷ್ಟು ಮಿಷನ್ನು, ಕಾರಿನ ಬ್ಯಾಟರಿ.
ಅಲ್ಲಿ ಫಾರಂ ಇರಲಿಲ್ಲ.
ಇಚ್ಛಿಸುತ್ತೀಯಾ ಅಂತ ಯಾರೂ ಕೇಳಲಿಲ್ಲ.
ನಾಲ್ಕು ದಿನ ಬಿಟ್ಟು ತವರಿಗೆ ಬಂದಳು,
ಹೊಟ್ಟೆ ಇಳಿದಿತ್ತು, ಕೈಯಲ್ಲಿ ಮೂರು ಅಚ್ಚು ಬೆಲ್ಲ.
ಅವ್ವ ಅದನ್ನು ಹಸುವಿಗೂ ಹಾಕಲಿಲ್ಲ.

ಇವತ್ತು ನನ್ನ ಫಾರಂ ನಾನೇ ತುಂಬಿದೆ.
ಇರುವ ಮಕ್ಕಳು: ಸೊನ್ನೆ, ಸೊನ್ನೆ.
ಕೊನೆಯ ಸಾಲಿಗೆ ಬಂದು ಪೆನ್ನು ನಿಂತಿತು.
ಒಂಬತ್ತು ವರ್ಷ ಬೇರೆಯವರ ಬಾಯಿಗೆ ಹಾಕಿದ ಮಾತು
ನನ್ನ ಬಾಯಲ್ಲಿ ಸುಳ್ಳು.
ಇಚ್ಛಿಸುತ್ತೇನೆ. ಬಚ್ಚಲಲ್ಲಿ ಒಬ್ಬಳೇ ಮಾತಾಡಿಸುವಾಗ
ಏನೋ ಅನ್ನಲೋ, ಏನೇ ಅನ್ನಲೋ ಗೊತ್ತಾಗಲೆಂದು
ಬಲು ಇಚ್ಛಿಸುತ್ತೇನೆ.
ಆದರೆ ಗೊತ್ತಾದದ್ದನ್ನು ಮುಖದಲ್ಲಿ ಬಚ್ಚಿಡಲು ಬಾರದು ನನಗೆ.
ಕೆಂಪಾಜಮ್ಮ ನನ್ನ ಹುಬ್ಬನ್ನೂ ಓದುತ್ತಾಳೆ.
ಓದಿದ ಮೇಲೆ ಯಾವ ವ್ಯಾನು ಎಲ್ಲಿ ಸ್ಟಾರ್ಟಾಗುತ್ತದೋ.

ರುಜು ಹಾಕಿದೆ.

'ಪರದೆ ನಿಮ್ಮ ಕಡೆಗೇ ತಿರುಗಿಸಿಕೊಳ್ಳಿ ಮೇಡಂ.'
ತಿರುಗಿಸಿಕೊಂಡರು. ಜೆಲ್ಲಿ ತಣ್ಣಗಿತ್ತು.
ಅವರ ಕನ್ನಡಕದ ಗಾಜಿನಲ್ಲಿ ಬೂದಿಬಣ್ಣ ಕದಲಿತು;
ಕಣ್ಣು ಮುಚ್ಚಿಕೊಂಡೆ.
ಆಗ ಕೇಳಿಸಿದರು, ಎದೆಬಡಿತ.
ಥೇಟ್ ಬೋರಲಿಂಗನ ಟಿವಿಎಸ್ಸು,
ನಾಲೆ ಏರಿಯ ಮೇಲೆ, ಲೈಟಿಲ್ಲದೆ, ಮನೆ ಕಡೆಗೆ.

ಸಂಜೆ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತ
ಅತ್ತೆ ಏನೂ ಕೇಳಲಿಲ್ಲ. ಸುಮ್ಮನೆ ನೋಡುತ್ತಿದ್ದಳು.
ಏಳುವಾಗ
ಎರಡೂ ಕೈ ಊರಿ ಎದ್ದೆ.