ಅಂಗೈಯಗಲ

ಮಾರ್ಸಬಿಟ್ ದಾಟಿ ಉತ್ತರಕ್ಕೆ ಎಪ್ಪತ್ತು ಕಿಲೋಮೀಟರು,
ಟಾರಿನ ಅಂಚಿಗೆ ಬಿದ್ದಿತ್ತು ಹೆಣ್ಣೊಂಟೆ.
ಲಾರಿಯ ಮೂತಿ ಒಳಗೆ ಹೋಗಿತ್ತು.
ಡ್ರೈವರ್ ಗಿತೊಂಗನನ್ನು ಬೆಳಕು ಹರಿಯುವ ಮೊದಲೇ ಒಯ್ದಿದ್ದರು.
ಅವನದೊಂದು ಚಪ್ಪಲಿ ಪೆಡಲಿನಲ್ಲೇ ಉಳಿದಿತ್ತು:
ಬ್ರೇಕಿನ ಮೇಲೋ, ಪಕ್ಕದ್ದರ ಮೇಲೋ,
ಅದನ್ನು ಬರೆಯಲೆಂದೇ ಕಂಪನಿ ನನ್ನನ್ನು ಕಳಿಸಿದ್ದು.

ಹದಿನಾರು ವರ್ಷದ ವಿಮೆಯ ನೌಕರಿ.
ಸತ್ತ ಒಂಟೆಗೆ ಹತ್ತು ಸೇರು ಹಾಲು,
ಗಬ್ಬದಲ್ಲಿ ಅವಳಿ, ಅವುಗಳಪ್ಪನ ಕುಲಗೋತ್ರ,
ಎಲ್ಲ ಕೇಳಿದ್ದೇನೆ.
ಒಂದು ಕಳೇಬರಕ್ಕೆ ಐದು ಜನ ಒಡೆಯರನ್ನು ಕಂಡಿದ್ದೇನೆ.
ಈ ಸಲ ಒಬ್ಬನೂ ಇಲ್ಲ.

ಮನುಷ್ಯ ಸತ್ತಿದ್ದಾನಲ್ಲ, ಲೆಕ್ಕ ತಿರುಗಿದೆ.
ಕತ್ತಲಲ್ಲಿ ಒಂಟೆ ಬಿಟ್ಟವನೇ ಈಗ ಕೊಡಬೇಕು.
ಸುತ್ತಲಿನ ಮಂದೆಗಳೆಲ್ಲ ರಾತ್ರೋರಾತ್ರಿ
ಎಣಿಕೆಗೆ ಸರಿಹೋದವು.
ಎಡತೊಡೆಯ ಮೇಲೆ, ಕಾಸಿದ ಮುದ್ರೆ ಇರಬೇಕಾದಲ್ಲಿ,
ಅಂಗೈಯಗಲ ಚರ್ಮವೇ ಇಲ್ಲ.
ಚೂರಿ ಹರಿತವಿತ್ತು, ಕೈ ನಡುಗಿತ್ತು.
ಅಂಚು ನೋಡಿದರೆ ಗೊತ್ತಾಗುತ್ತದೆ.
"ಕತ್ತೆಕಿರುಬ," ಅಂದ ಹಿರಿಯ ದಬಾಸೊ.
ಕತ್ತೆಕಿರುಬ ಇಷ್ಟು ಚೌಕವಾಗಿ ಉಣ್ಣುವುದಿಲ್ಲ, ಅಂದೆ.
ಯಾರೂ ನಗಲಿಲ್ಲ.

ಮರಿಯೊಂದಿತ್ತು.
ಇನ್ನೂ ಮುದ್ರೆ ಬೀಳದ್ದು, ತಿಂಗಳು ತುಂಬಿತ್ತೋ ಇಲ್ಲವೋ,
ಕೆಚ್ಚಲಿಗೆ ಮೂತಿ ತಿವಿಯುತ್ತ,
ಹಾಲಿಳಿಸದ ತಾಯಿಯನ್ನು ಗದರುತ್ತ.
ಪೊಲೀಸರು ಠಾಣೆಯ ಕಂಬಕ್ಕೆ ಕಟ್ಟಿದರು, ಸಾಕ್ಷಿ ಅಂತ.
ಡಬ್ಬಿಹಾಲು ಮೂಸಲೂ ಇಲ್ಲ.
ಬಿಚ್ಚಿಬಿಡಿ, ತಾನಾಗಿ ಮನೆ ಸೇರುತ್ತೆ,
ನಾವು ಹಿಂದೆ ಹೋದರಾಯಿತು, ಅಂದ ಸಾರ್ಜೆಂಟು.
ಬಿಚ್ಚಿದರು.
ಅದು ನೆಟ್ಟಗೆ ಹೆದ್ದಾರಿಗೆ ನಡೆದು
ಹೆಣವಿದ್ದ ಕಲೆಯ ಪಕ್ಕ ಮಂಡಿಯೂರಿತು.

ಮೂರನೆಯ ಸಂಜೆ ಮುದುಕಿ ತಲಾಸೊ ಬಂದಳು,
ಕಂಕುಳಲ್ಲಿ ಹೊಗೆವಾಸನೆಯ ಹಾಲಿನ ಗಡಿಗೆ.
ನನ್ನ ಕಡೆ ತಿರುಗಲಿಲ್ಲ.
ಮರಿಯನ್ನು ಹೆಸರು ಹಿಡಿದು ಕರೆದಳು.
ಅದು ಎದ್ದಿತು.

ಕುಡಿಯುವವರೆಗೂ ಕಾದೆ. ದಬಾಸೊ ಮುಖ ತಿರುಗಿಸಿ ನಿಂತಿದ್ದ.
"ಬರಕೋ," ಅಂದಳು. "ಅವನಿಗೆ ಮಕ್ಕಳೆಷ್ಟು?"
ಎರಡು.
ಬೆರಳು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.
"ಇದು ಈಯುವುದಕ್ಕೆ ಇನ್ನೂ ಐದು ವರ್ಷ.
ಅಲ್ಲೀವರೆಗೆ ಕಾಯುತ್ತಾರಾ, ಕೇಳಿ ಹೇಳು."

ಪೆನ್ನು ತೆರೆದು ನೋಡಿದೆ:
ಮರಿಯ ಎಡತೊಡೆಯ ಮೇಲೆ, ಇನ್ನೂ ಏನೂ ಇಲ್ಲದಲ್ಲಿ,
ಅವಳ ಅಂಗೈ ಇತ್ತು.