ಹಲ್ಲಿನ ಲೆಕ್ಕ

ಉಪ್ಪಳದ ಸೆಲೂನಿನಲ್ಲಿ ಅರ್ಧ ಕೆನ್ನೆಗೆ ನೊರೆ ಹಚ್ಚಿಸಿಕೊಂಡು
ಹಡಗಿನ ದೂಮಣ್ಣ ಹೇಳಿದ್ದು:

ಸೋವಿಯತ್ತು ಒಡೆದು ಬಿದ್ದ ಚೂರುಗಳಲ್ಲಿ
ಎರಡರಲ್ಲಿ ಇಳಿದಿದ್ದೇನೆ ಮಾರಾಯ,
ಒಂದೇ ಹಲ್ಲುನೋವು ಹೊತ್ತುಕೊಂಡು.

ಜಾರ್ಜಿಯಾದ ಪೋತಿಯಲ್ಲಿ ಕರೆಂಟಿಲ್ಲ, ಡಾಕ್ಟರು ನಾಳೆ.
ಕ್ರೇನಿನವನ ತಾಯಿ ದ್ರಾಕ್ಷಿ ಸಾರಾಯಿ ಬಾಯಿಗೆ ಹೊಯ್ದು
ರಾತ್ರಿಯಿಡೀ ಬೈಯುತ್ತ ಕೂತಳು,
ನನ್ನನ್ನೋ, ಹಲ್ಲನ್ನೋ.

ಎಸ್ಟೋನಿಯಾದ ತಾಲಿನ್‌ನಲ್ಲಿ ಇಪ್ಪತ್ತೇ ನಿಮಿಷ.
ಹಲ್ಲು ತಟ್ಟೆಗೆ, ಬಿಲ್ಲು ಫೋನಿಗೆ.
ಹೆಸರೂ ಕೇಳಲಿಲ್ಲ, ಪರದೆಯಲ್ಲಿತ್ತು.

"ಹಾಗಾದರೆ ಯಾವುದು ಒಳ್ಳೇದು?"
ಕತ್ತಿ ನಿಲ್ಲಿಸಿದ ಕೂಸಪ್ಪ ಭಂಡಾರಿ.

ನಿನ್ನ ಹಲ್ಲಿಗೆ ನೀನು ಎಲ್ಲಿಗೆ ಹೋಗ್ತಿ?

"ಮಂಗಳೂರಿಗೆ.
ತಲಪಾಡಿ ಗೇಟು ತೆರೆದಿದ್ದರೆ."

ದೂಮಣ್ಣ ನಗಲಿಲ್ಲ. ನೊರೆ ಒಣಗುತ್ತಿತ್ತು.
ಖಾಲಿ ಜಾಗಕ್ಕೆ ನಾಲಗೆ
ಹೋಗಿ ನೋಡಿ ಬಂತು.