ಹೆಗಲಿನ ನಿರಿಗಿ

ಗುಳೇದಗುಡ್ಡದ ಚೌಬಜಾರದ ಹಿಂದ
ಖಣದ ಕುಪ್ಪಸ ಹೊಲಿಯೋ ರಖಮಾಬಾಯಿ
ಮಷಿನ್ನಿಗೆ ಹಳೆ ಪಂಜೆ ಹೊದಿಸಿ
ಬಾಟ್ಲಿಗೆ ಅಂಗಿ ಹೊಲಿಯಾಕ ಕುಂತ ವರ್ಷ
ನಾನು ಐದನೇತ್ತ ಫೇಲಾಗಿದ್ದೆ.

ಹೊಲಿಯೂದು ಅಂದ್ರ ಹೊಲಿಗಿ ಅಲ್ಲ.
ಕಾಗದ, ಕತ್ತರಿ, ಮೈದಾದ ಅಂಟು.
ಅಂಟಿಗೆ ಚಿಟಿಕಿ ಮೈಲುತುತ್ತ, ಜಿರಳಿ ತಿನ್ನಬಾರದಂತ.
ಕಲಸೂದು ನನ್ನ ಪಾಲಿಗೆ.
ನೀಲಿ ಬೆರಳು ನೋಡಿ ಸಾಲ್ಯಾಗ ನಗತಿದ್ರು.

ಮಾಳವಾಡ ವೈದ್ಯರ ಆಡುಸೋಗೆ ಕಷಾಯ
ವಾರಕ್ಕೆರಡು ಸಲ ಹುಬ್ಬಳ್ಳಿಗೆ ಹೋಗೂದು,
ಹುಲ್ಲು ತುಂಬಿದ ಪೆಟ್ಟಿಗ್ಯಾಗ.
ಹುಲ್ಲಿನ ರೇಟು ಏರಿತು,
ಒಡೆದ ಬಾಟ್ಲಿ ಲೆಕ್ಕ ಅದಕ್ಕಿಂತ ಏರಿತು.
ಒಂದಿನ ವೈದ್ಯರು ಬಾಗಿಲಾಗ ನಿಂತು
ಖಾಲಿ ಬಾಟ್ಲಿಯೊಂದನ್ನ ಅಕಿ ಕೈಗೆ ಕೊಟ್ರು.

ಕೊರಳಾಗಿನ ಟೇಪು ತಗದಳು.
ಕತ್ತು, ಹೆಗಲು, ಎದಿ, ಬುಡ.
ಅಕಿ ಅಂಕಿ ಹೇಳಿದಳು, ನಾ ಬರಕೊಂಡೆ.
"ಸೊಂಟಽ ಇಲ್ಲಲ್ಲೋ ಇದಕ್ಕ" ಅಂತ ನಕ್ಕಳು,
ಬಾಯಾಗ ಗುಂಡುಪಿನ್ನು ಕಚಕೊಂಡಽ.

ನೂಲಿನ ಬೇಲಿಗೆ ಸುತ್ತಿ ಬರೂ ಕಂದು ಕಾಗದ,
ನೇಕಾರ ಸಂಘದ ಹಳೆ ಖಾತೆವಹಿ,
ನನ್ನ ಗಣಿತದ ಪೇಪರು ಸುದ್ದಾ.
ಕೆಂಪು ಶಾಯಿಯ ಹದಿಮೂರು ಅಂಕವನ್ನ
ಒಳಮಗ್ಗಲು ಮಾಡಿ ಅಂಟಿಸಿದಳು.
ಯಾರ ಕೆಮ್ಮಿನ ಜೋಡಿ ಎಲ್ಲಿ ಹೋತೋ ಅದು.

ಬರಿಮೈ ಬಾಟ್ಲಿ ಸುಮ್ಮನಿರಂಗಿಲ್ಲ,
ಟಿಣ್ ಟಿಣ್ ಅಂತ ಒಂದಕ್ಕೊಂದು ಚಾಡಿ ಹೇಳ್ತಾವ.
ಅಂಗಿ ಹಾಕಿದ ಮ್ಯಾಲೆ ಬರೇ ಸರಪರ,
ಮದುವಿ ಮನ್ಯಾಗ ಹೊಸ ಸೀರಿ ಸರದಾಡಿದಂಗ.

ಮೊದಲನೇ ಖೇಪು ಎರಡುನೂರ ಎಂಬತ್ತೆಂಟು.
ಮಕ್ತುಂಸಾಬನ ಟೆಂಪೋ ಕುಳಗೇರಿ ಕ್ರಾಸಿನ ಹಂತ್ಯಾಕ
ತಗ್ಗಿಗೆ ಇಳದು ಎದ್ದದ್ದು ಒಂದಽ ಸಲ.
ಹತ್ತೊಂಬತ್ತು ಹೋದವು.
"ಮೊದಲ ಅರವತ್ತು ಹೋಗತಿದ್ದವು, ಭಾಳ ಚೊಲೊ ಆತು,"
ಅಂದ್ರು ವೈದ್ಯರು.
ಅಕಿ ಕತ್ತರಿ ಕೆಳಗಿಟ್ಟಳು.
"ಹೋದವನ್ನ ತಂದುಕೊಡು ಮಕ್ತುಂ. ಚೆಲ್ಲಬ್ಯಾಡ."

ತಂದ, ಅಂಗಿ ಸಮೇತ.
ಕಷಾಯ ಕುಡದು ಕರ್ರಗಾದ ಕಾಗದ.
ಒಳಗ ಚೂರು ಚೂರು,
ಆದರ ಒಂದೂ ಆಕಾರ ಬಿಟ್ಟಿದ್ದಿಲ್ಲ.
ಹಿಡದರ ಬಾಟ್ಲಿ, ಹಿಚುಕಿದರ ಕರಕರ ಉಸುಕು.
ಹಾಸಗಲ್ಲಿನ ಮ್ಯಾಲೆ ಸಾಲಾಗಿ ಮಲಗಿಸಿ
ಒಂದೊಂದರ ಅಂಗಿ ಬಿಚ್ಚಿ
ಎಲ್ಲಿ ಹರದೈತಿ ಅಂತ ಬೆರಳಿಟ್ಟು ನೋಡಿದಳು.
ಹದಿನಾರಕ್ಕ ಹೆಗಲು.
ಎರಡಕ್ಕ ಬುಡ, ಅವು ಮಕ್ತುಮನ ಕೈ ಜಾರಿದ್ದು,
ಅವನಽ ಒಪ್ಪಿಕೊಂಡ.

"ಕುಪ್ಪಸನೂ ಹಿಂಗಽ.
ಹರಿಯೂದು ತೋಳು ಕೂಡೂವಲ್ಲೆ.
ಬಿಗಿ ಹೊಲದರ ಚಂದ ಕಾಣ್ತದ, ಬಾಳಿಕಿ ಬರಂಗಿಲ್ಲ."
ಆ ರಾತ್ರಿ ಹೆಗಲಿಗೆ ಮೂರು ನಿರಿಗಿ ಇಟ್ಟಳು,
ಒಳಗ ಬೆರಳಗಲ ಗಾಳಿ.
ಗಾಳಿಗೇನು ರೊಕ್ಕ ಕೊಡಬೇಕಾಗಿಲ್ಲಲ್ಲ.

ಮುಂದಿನ ಖೇಪಿಗೆ ಹೋದವು ಎರಡು.
ವೈದ್ಯರು ನೂರಕ್ಕ ಎರಡು ರೂಪಾಯಿ ಹೆಚ್ಚು ಮಾಡಿದರು.
ಅಕಿ ಮೂರು ಕೇಳಿದಳು, ನಿರಿಗಿಗೊಂದು.
ಕೊಡಲಿಲ್ಲ.
ಮೂರೂ ನಿರಿಗಿ ಇಟ್ಟಳು.

ಈಗ ಪ್ಲಾಸ್ಟಿಕ್ ಬಾಟ್ಲಿ, ಒಗದರ ಪುಟಿತಾವ.
ನಾನು ಬಾಗಲಕೋಟಿ ನವನಗರದಾಗ ಪಾರ್ಸಲ್ ಆಫೀಸಿನವ.
ಗಾಜು, ಸಾವಕಾಶ ಅಂತ ಬರದ ಪೆಟ್ಟಿಗಿ ಬಂದರ
ಕೈ ತಾನಽ ಅದರ ಹೆಗಲು ಹುಡುಕ್ತದ.
ಪೆಟ್ಟಿಗಿಗೆಲ್ಲಿ ಹೆಗಲು.

ಲೆಕ್ಕದಾಗ ಒಂದು ಬಿಟ್ಟೆ.
ಹತ್ತೊಂಬತ್ತರಾಗ ಒಂದನ್ನ ಅಕಿ ಬಿಚ್ಚಲಿಲ್ಲ.
ಗ್ವಾಡಿ ಮಾಡದಾಗ, ಪಾಂಡುರಂಗನ ಪಟದ ಪಕ್ಕ,
ಅಂಗಿ ತೊಟ್ಟಽ ನಿಂತಿತ್ತು, ನೆಟ್ಟಗ.
ಬಂದವರು ಕೇಳತಿದ್ರು, ಕಷಾಯ ಐತೇನು?
"ಇಲ್ಲ, ಖಾಲಿ" ಅನ್ನತಿದ್ದಳು.
ಮುಟ್ಟಾಕ ಕೊಡತಿದ್ದಿಲ್ಲ.